ಹೊಂಬಣ್ಣದ ನಾಲ್ಕು ಬೆಲ್ಜಿಯನ್ ಬಿಯರ್‌ಗಳಲ್ಲಿ ನನ್ನ ಮತ ಡೂವೆಲ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಡೂವೆಲ್ ಪಕ್ಷದವನು. ಡೆಲಿರಿಯಂ ಟ್ರೆಮೆನ್ಸ್, ಲಾ ಶುಫ್, ಪಿರಾಟ್ ಮೂರನ್ನೂ ಅದರ ಪಕ್ಕದಲ್ಲಿಟ್ಟು ಕುಡಿದು ನೋಡಿದ ಮೇಲೂ ಆ ಪಕ್ಷ ಬದಲಾಗಿಲ್ಲ, ಇನ್ನಷ್ಟು ಗಟ್ಟಿಯಾಗಿದೆ.

ನಾನಿರುವ ಬೆಲ್ಜಿಯಂನ ಲ್ಯೂವೆನ್‌ಗೆ ಕೆಲಸಕ್ಕೋ ಓದಿಗೋ ಬಂದ ಕನ್ನಡಿಗರಲ್ಲಿ ಬಿಯರ್ ಕುಡಿಯುವವರು ಸಾಮಾನ್ಯವಾಗಿ ಶುರು ಮಾಡುವುದು ಈ ಊರಿನದೇ ಆದ ಸ್ಟೆಲ್ಲಾದಿಂದ. ಆಮೇಲೆ ಯಾರೋ ಒಬ್ಬರು ಈ ಹೊಂಬಣ್ಣದ ಗಟ್ಟಿ ಬಿಯರನ್ನು ಕೈಗಿಡುತ್ತಾರೆ. ನೋಡಲು ಎರಡೂ ಒಂದೇ ಬಣ್ಣ, ಆದರೆ ಇದರಲ್ಲಿ ಆಲ್ಕೋಹಾಲ್ ಹೆಚ್ಚುಕಡಿಮೆ ದುಪ್ಪಟ್ಟು. ಡೂವೆಲ್ ಮತ್ತು ಡೆಲಿರಿಯಂ ಶೇ 8.5, ಲಾ ಶುಫ್ ಶೇ 8, ಪಿರಾಟ್ ಶೇ 10.5. ಬಿಯರ್ ಸ್ಪರ್ಧೆಗಳ ತೀರ್ಪುಗಾರರು ‘ಬೆಲ್ಜಿಯನ್ ಗೋಲ್ಡನ್ ಸ್ಟ್ರಾಂಗ್ ಏಲ್’ ಎಂಬ ಪ್ರತ್ಯೇಕ ವರ್ಗವನ್ನೇ ಇದಕ್ಕೆ ಕೊಟ್ಟಿದ್ದಾರೆ. ಲಾ ಶುಫ್ ಆ ವರ್ಗದ ಅಂಚಿನಲ್ಲಿ ನಿಲ್ಲುವಂಥದ್ದು. ಆದರೂ ಅಂಗಡಿಯಲ್ಲಿ ಉಳಿದವುಗಳ ಪಕ್ಕದಲ್ಲೇ ಕೂತಿರುತ್ತದೆ, ಕೊಳ್ಳುವವರು ಇದೋ ಅದೋ ಎಂದು ಯೋಚಿಸುವುದೂ ಅಲ್ಲೇ. ಅದಕ್ಕೇ ಸೇರಿಸಿಕೊಂಡಿದ್ದೇನೆ.

ನಾಲ್ಕನ್ನೂ ನಾನು ಮೊದಲು ಕೊಂಡದ್ದು ಬಿಡಿಯಾಗಿ ಅಲ್ಲ. ಒಂದು ಅಂಗಡಿಯಲ್ಲಿ ಬಗೆಬಗೆಯ ಬಾಟಲಿಗಳನ್ನು ಜೋಡಿಸಿ, ಜೊತೆಗೊಂದು ಲೋಟವಿಟ್ಟು, ರಿಬ್ಬನ್ ಕಟ್ಟಿ ಮಾರುತ್ತಿದ್ದರು. ಆ ಪೆಟ್ಟಿಗೆಯಿಂದ ಆದ ತೊಂದರೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಬಗೆಯ ಬಿಯರ್ ಒಬ್ಬರಿಗೆ ಹಿಡಿಸುವುದೂ ಇನ್ನೊಬ್ಬರಿಗೆ ಹಿಡಿಸದಿರುವುದೂ ಎಷ್ಟೋ ಸಲ ಇಲ್ಲೇ ತೀರ್ಮಾನವಾಗಿಬಿಡುತ್ತದೆ.

ನಾಲ್ಕೂ ಬಾಟಲಿಯೊಳಗೇ ಮತ್ತೊಮ್ಮೆ ಹುದುಗುವ ಬಿಯರ್‌ಗಳು. ತುಂಬುವಾಗ ಒಂದಿಷ್ಟು ಸಕ್ಕರೆ, ಒಂದಿಷ್ಟು ಯೀಸ್ಟ್ ಸೇರಿಸಿ ಮುಚ್ಚಳ ಹಾಕುತ್ತಾರೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಅನಿಲ ಬಿಡುತ್ತದೆ, ಕೆಲಸ ಮುಗಿದ ಮೇಲೆ ತಳಕ್ಕಿಳಿದು ಗಸಿಯಾಗಿ ಕೂರುತ್ತದೆ. ಬಾಟಲಿ ನೆಟ್ಟಗೆ ನಿಂತಿದ್ದರೆ ಗಸಿ ತಳದಲ್ಲಿ ತೆಳುವಾದ ಪದರವಾಗಿ ಅಂಟಿಕೊಂಡಿರುತ್ತದೆ. ಆ ಉಡುಗೊರೆ ಪೆಟ್ಟಿಗೆಯಲ್ಲಿ ಬಾಟಲಿಗಳನ್ನು ಅಡ್ಡ ಮಲಗಿಸಿದ್ದರು. ಗಸಿಯೆಲ್ಲ ಪಕ್ಕದ ಗೋಡೆಗೆ ಹತ್ತಿಕೊಂಡಿತ್ತು, ಬಗ್ಗಿಸಿದ ಕೂಡಲೇ ಬಿಯರ್ ಜೊತೆ ಹೊರಗೆ ಬಂತು.

ಪೆಟ್ಟಿಗೆಯ ಲೋಟ ಇದಕ್ಕಿಂತ ದೊಡ್ಡ ಕಿರಿಕಿರಿ. ಬಾಟಲಿ 33 ಸೆಂಟಿಲೀಟರ್, ಲೋಟ ಹಿಡಿಯುವುದು 25. ಈ ಬಿಯರ್‌ಗಳ ನೊರೆ ಅಂತಿಂಥದ್ದಲ್ಲ, ಲೋಟದ ಅರ್ಧಭಾಗವನ್ನು ಅದೇ ಆಕ್ರಮಿಸುತ್ತದೆ. ಹೀಗಾಗಿ ಮೂರನೇ ಒಂದು ಪಾಲು ಸುರಿಯುವಷ್ಟರಲ್ಲಿ ಕೈ ತಡೆಯಬೇಕು, ಬಾಟಲಿಯನ್ನು ನೆಟ್ಟಗೆ ಮಾಡಬೇಕು, ನೊರೆ ಇಳಿಯುವವರೆಗೆ ಕಾದು ಮತ್ತೆ ಬಗ್ಗಿಸಬೇಕು. ಪ್ರತಿ ಸಲ ಬಗ್ಗಿಸಿ ಎತ್ತಿದಾಗಲೂ ಒಳಗಿನ ಬಿಯರ್ ಹಿಂದಕ್ಕೆ ಬಡಿದು ತಳದ ಗಸಿಯನ್ನು ಕಲಕುತ್ತದೆ. ಮನೆಯಲ್ಲಿ ಬೇಳೆಕಟ್ಟು ಬಸಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಪಾತ್ರೆಯನ್ನು ಒಂದೇ ಸಲ ನಿಧಾನವಾಗಿ ಬಗ್ಗಿಸಿದರೆ ತಿಳಿ ಬೇರೆಯಾಗಿ ಬರುತ್ತದೆ, ನಡುವೆ ಕೈ ಅಲುಗಿಸಿದರೆ ಬೇಳೆಯೂ ಬರುತ್ತದೆ. ಆ ಸಂಜೆ ಲೋಟಕ್ಕೆ ಬಿದ್ದದ್ದೆಲ್ಲ ಮಬ್ಬು ಮಬ್ಬು. ನಾಲ್ಕಕ್ಕೂ ಹಸಿ ಹಿಟ್ಟಿನ ವಾಸನೆ, ಗಂಟಲಲ್ಲಿ ಒಗರು. ಜೊತೆಗಿದ್ದ ಗೆಳೆಯರೊಬ್ಬರು ಅಂದಿನಿಂದ ಈ ಬಗೆಯ ಬಿಯರನ್ನೇ ಮುಟ್ಟಿಲ್ಲ. ಅವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ, ಏಕೆಂದರೆ ಅವರು ಅಂದು ಕುಡಿದದ್ದು ಗಸಿಯನ್ನೇ ಹೊರತು ಬಿಯರನ್ನಲ್ಲ.

ಡೂವೆಲ್‌ನ ಹೊಟ್ಟೆ ಉಬ್ಬಿದ ಟುಲಿಪ್ ಲೋಟದ ಬೆಲೆ ಗೊತ್ತಾಗುವುದು ಈಗ. 1960ರ ದಶಕದ ಕೊನೆಯಲ್ಲಿ ಅದನ್ನು ಮಾಡಿಸಿದ್ದೇ ಇಡೀ ಬಾಟಲಿ, ಅದರ ನೊರೆ ಸಮೇತ, ಒಂದೇ ಸುರಿತಕ್ಕೆ ಹಿಡಿಯಲಿ ಎಂದು. ಲೋಟದ ತಳದಲ್ಲಿ ‘ಡಿ’ ಅಕ್ಷರವನ್ನು ಕೊರೆದಿರುತ್ತಾರೆ. ಆ ಒರಟು ಗೆರೆಗಳಿಂದ ಗುಳ್ಳೆಗಳ ಎಳೆ ಎದ್ದು ಬರುತ್ತಲೇ ಇರುತ್ತದೆ, ನೊರೆ ಬೇಗ ಸಾಯುವುದಿಲ್ಲ. ಬಾಟಲಿಯನ್ನು ಒಂದೆರಡು ದಿನ ನಿಲ್ಲಿಸಿಟ್ಟು, ಲೋಟವನ್ನು ವಾಲಿಸಿ ಹಿಡಿದು, ಕೈ ತಡೆಯದೆ ಸುರಿಯಬೇಕು. ಕೊನೆಯಲ್ಲಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕಂದು ಗಾಜಿನೊಳಗೆ ಗಸಿಯ ಸಣ್ಣ ಎಳೆಯೊಂದು ಹೊಗೆಯ ಹಾಗೆ ಕತ್ತಿನತ್ತ ಜಾರುವುದು ಕಾಣುತ್ತದೆ. ಅದು ಕತ್ತು ಮುಟ್ಟುವ ಮೊದಲು ನಿಲ್ಲಿಸಿದರೆ ಬೆರಳಗಲದಷ್ಟು ಬಿಯರ್ ಬಾಟಲಿಯಲ್ಲೇ ಉಳಿಯುತ್ತದೆ, ಉಳಿಯಲಿ. ಡೆಲಿರಿಯಂನ ಬಾಟಲಿ ಪಿಂಗಾಣಿ ಜಾಡಿಯಂತೆ ಬೂದುಬಿಳಿ ಬಣ್ಣ ಬಳಿದದ್ದು. ಗುಲಾಬಿ ಆನೆಯ ಚಿತ್ರದೊಂದಿಗೆ ನೋಡಲು ಚೆಂದ, ಆದರೆ ಒಳಗೇನೂ ಕಾಣದು. ಅದನ್ನು ಅಂದಾಜಿನ ಮೇಲೆಯೇ ನಿಲ್ಲಿಸಬೇಕು.

ಇನ್ನೊಂದು ಮಾತು, ಲೋಟವನ್ನು ಎಣ್ಣೆ ಪಾತ್ರೆಗಳ ಜೊತೆ ತೊಳೆಯಬೇಡಿ. ಜಿಡ್ಡಿನ ಎಳೆ ಉಳಿದರೂ ನೊರೆ ಕ್ಷಣದಲ್ಲಿ ಕುಸಿಯುತ್ತದೆ.

ಈಗ ರುಚಿಗೆ ಬರೋಣ. ಡೂವೆಲ್ ಮೂಗಿಗೆ ಮೊದಲು ಕೊಡುವುದು ಪೇರ್ ಹಣ್ಣಿನ ಪರಿಮಳ, ಹಿಂದೆಯೇ ನಿಂಬೆಸಿಪ್ಪೆ, ಅದರ ಹಿಂದೆ ಹಸಿ ಹುಲ್ಲಿನಂಥ ಹಾಪ್ಸ್ (ಬಿಯರ್‌ಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂವು) ವಾಸನೆ. ಜೆಕ್ ದೇಶದ ಸಾಜ್ ಮತ್ತು ಸ್ಲೊವೇನಿಯಾದ ಸ್ಟೈರಿಯನ್ ಗೋಲ್ಡಿಂಗ್ ಇದರಲ್ಲಿರುವ ಹಾಪ್ಸ್. ಗುಟುಕು ಬಾಯಿಗೆ ಬಿದ್ದಾಗ ಗುಳ್ಳೆಗಳು ನಾಲಿಗೆಯನ್ನು ಚುಚ್ಚುತ್ತವೆ, ಒಂದು ಕ್ಷಣ ಹಣ್ಣಿನ ಸಿಹಿ ಇಣುಕುತ್ತದೆ, ಅಷ್ಟರಲ್ಲೇ ಕಾಳುಮೆಣಸಿನ ಸಣ್ಣ ಖಾರ ಮತ್ತು ಚೊಕ್ಕಟವಾದ ಕಹಿ ಬಂದು ಸಿಹಿಯನ್ನು ಒರೆಸಿಹಾಕುತ್ತವೆ. ನುಂಗಿದ ಮೇಲೆ ಬಾಯಲ್ಲಿ ಅಂಟು ಇರುವುದಿಲ್ಲ. ಅದರಲ್ಲಿ ಕಾಳುಮೆಣಸೂ ಇಲ್ಲ, ಹಣ್ಣೂ ಇಲ್ಲ, ಅವೆಲ್ಲ ಯೀಸ್ಟ್‌ನ ಕರಾಮತ್ತು. ಮೊದಲ ಮಹಾಯುದ್ಧದ ನಂತರ ಡೂವೆಲ್ ತಯಾರಕರ ಮನೆತನದ ಆಲ್ಬರ್ಟ್ ಮೋರ್ಟ್‌ಗಾಟ್ ಸ್ಕಾಟ್ಲೆಂಡಿಗೆ ಹೋಗಿ ತಂದ ಯೀಸ್ಟ್‌ನ ವಂಶವೇ ಬ್ರೇನ್‌ಡೊಂಕ್ ಊರಿನ ಡೂವೆಲ್ ಕಾರ್ಖಾನೆಯಲ್ಲಿ ಇಂದಿಗೂ ದುಡಿಯುತ್ತಿದೆ. ಆಗಿನ ಡೂವೆಲ್ ಕಪ್ಪು ಬಣ್ಣದ್ದು, ಈ ಹೊಂಬಣ್ಣ ಬಂದದ್ದು 1970ರಲ್ಲಿ.

ಇಷ್ಟು ಗಟ್ಟಿಯಾದ ಬಿಯರ್ ಇಷ್ಟು ಹಗುರವಾಗಿರಲು ಕಾರಣ ಸಕ್ಕರೆ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಸಕ್ಕರೆ ಹಾಕಿದರೆ ಸಿಹಿ ಹೆಚ್ಚಬೇಕಲ್ಲ ಎನ್ನುತ್ತಾರೆ. ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಬರುವ ಸಕ್ಕರೆಗಳಲ್ಲಿ ಒಂದಷ್ಟನ್ನು ಯೀಸ್ಟ್ ತಿನ್ನಲಾರದು, ಅವು ಉಳಿದು ಬಿಯರ್‌ಗೆ ಮೈ ಕೊಡುತ್ತವೆ. ಆಲ್ಕೋಹಾಲ್ ಏರಿಸಲೆಂದು ಬರೀ ಮಾಲ್ಟ್ ಹೆಚ್ಚಿಸುತ್ತ ಹೋದರೆ ಆ ಮೈಯೂ ದಪ್ಪವಾಗುತ್ತ ಹೋಗುತ್ತದೆ. ಶುದ್ಧ ಡೆಕ್ಸ್‌ಟ್ರೋಸ್ ಹಾಕಿದರೆ ಯೀಸ್ಟ್ ಅದನ್ನು ಪೂರ್ತಿ ತಿಂದು ಮುಗಿಸುತ್ತದೆ, ಉಳಿಯುವುದು ಆಲ್ಕೋಹಾಲ್ ಮಾತ್ರ, ಸಿಹಿಯಲ್ಲ. ಡೂವೆಲ್ ಈ ಲೆಕ್ಕವನ್ನು ಎಲ್ಲರಿಗಿಂತ ಅಚ್ಚುಕಟ್ಟಾಗಿ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಕುದಿಸುವುದರಿಂದ ಹಿಡಿದು ಬಾಟಲಿ ಹೊರಬೀಳುವವರೆಗೆ ಸುಮಾರು 90 ದಿನ ಹಿಡಿಯುತ್ತದೆ. ಆ ತಾಳ್ಮೆ ಗುಟುಕಿನಲ್ಲಿ ಗೊತ್ತಾಗುತ್ತದೆ.

ಡೆಲಿರಿಯಂ ಬರುವುದು ಗೆಂಟ್ ಪಕ್ಕದ ಮೆಲ್ಲೆಯಿಂದ. ಮೂರು ಬಗೆಯ ಯೀಸ್ಟ್ ಬಳಸುತ್ತಾರೆ, ಅದಕ್ಕೇ ಇರಬೇಕು, ಪರಿಮಳ ಡೂವೆಲ್‌ಗಿಂತ ಗಿಜಿಗಿಜಿ: ಮಾಗಿದ ಬಾಳೆಹಣ್ಣು, ಲವಂಗ, ಕಿತ್ತಳೆ, ನಡುವೆ ಆಲ್ಕೋಹಾಲಿನ ಬಿಸಿ. ಮೊದಲ ಅರ್ಧ ಲೋಟ ಬಹಳ ಖುಷಿ ಕೊಡುತ್ತದೆ. ದ್ವಿತೀಯಾರ್ಧದಲ್ಲಿ, ತಣ್ಣಗಿರುವುದು ಕಡಿಮೆಯಾದಂತೆ, ಸಿಹಿ ಮುಂದೆ ಬಂದು ನನ್ನ ನಾಲಿಗೆಗೆ ಭಾರವೆನಿಸುತ್ತದೆ. ಸಿಹಿ ಇಷ್ಟಪಡುವವರಿಗೆ ಇದೇ ಮೇಲೆನಿಸಬಹುದು, ನನ್ನ ಹೆಂಡತಿ ಆ ಪಕ್ಷ. ನಾನು ಕೊಳ್ಳುವ ಕಡೆಗಳಲ್ಲಿ ಡೂವೆಲ್‌ಗಿಂತ ಬೆಲೆಯೂ ಜಾಸ್ತಿ.

ಲಾ ಶುಫ್ ಆರ್ಡೆನ್ ಗುಡ್ಡಗಾಡಿನ ಅಶುಫ್ ಎಂಬ ಹಳ್ಳಿಯದು, 1982ರಿಂದ ಇದೆ. 2006ರಲ್ಲಿ ಡೂವೆಲ್‌ನವರೇ ಆ ಕಾರ್ಖಾನೆಯನ್ನು ಕೊಂಡರು. ಇದಕ್ಕೆ ಕೊತ್ತಂಬರಿ ಬೀಜ ಬೀಳುತ್ತದೆ. ದಿನಾ ಸಾರಿನಪುಡಿ ಹುರಿಯುವ ಮನೆಯವರಾದ ನಾವು ಅದನ್ನು ಮೊದಲ ಉಸಿರಿಗೇ ಗುರುತಿಸುತ್ತೇವೆ, ಹುರಿಯದ ಬೀಜವನ್ನು ಅಂಗೈಯಲ್ಲಿ ಉಜ್ಜಿದಾಗ ಬರುವ ಕಿತ್ತಳೆಯಂಥ ಘಮ. ಸೋಸದ ಬಿಯರ್ ಆದ್ದರಿಂದ ಕೊಂಚ ಮಬ್ಬಾಗಿದ್ದರೂ ಸಹಜ, ಸುರಿಯುವಾಗ ಅಷ್ಟೊಂದು ನಾಜೂಕು ಬೇಡ. ಬಿಯರ್ ಅಭ್ಯಾಸವಿಲ್ಲದವರಿಗೆ ಮೊದಲು ಕೊಡುವುದಾದರೆ ನಾನು ಇದನ್ನೇ ಕೊಡುತ್ತೇನೆ. ಎರಡನೇ ಸ್ಥಾನವೂ ಇದಕ್ಕೇ.

ಪಿರಾಟ್ ನನಗೆ ಕೊನೆಯದು. ಕ್ಯಾರಮೆಲ್, ಜೇನು, ಗಂಟಲಲ್ಲಿ ಬೆಂಕಿ. ಜನವರಿಯ ಚಳಿಗೆ ಇಬ್ಬರು ಒಂದು ಬಾಟಲಿ ಹಂಚಿಕೊಂಡರೆ ಸರಿ.

ನನ್ನ ತೀರ್ಪಿನಲ್ಲಿ ಊಟದ ಪಾಲು ದೊಡ್ಡದು. ಶನಿವಾರ ನಾಲ್ಕು ಮನೆಯವರು ಸೇರಿದರೆ ಮೇಜಿನ ಮೇಲೆ ಇರುವುದು ಚೀಸ್ ಅಲ್ಲ. ಮೆಣಸಿನಕಾಯಿ ಬಜ್ಜಿ, ಕೋಡುಬಳೆ, ಖಾರದ ಶೇಂಗಾ, ಯಾರಾದರೂ ಮನಸ್ಸು ಮಾಡಿದರೆ ಪೆಪ್ಪರ್ ಚಿಕನ್. ಎಣ್ಣೆಯ ಜಿಡ್ಡನ್ನು ಗುಳ್ಳೆ ಮತ್ತು ಕಹಿ ತೊಳೆದು ಬಾಯನ್ನು ಮುಂದಿನ ತುತ್ತಿಗೆ ಸಿದ್ಧಮಾಡಬೇಕು. ಡೂವೆಲ್ ಅದನ್ನು ಮಾಡುತ್ತದೆ. ಡೆಲಿರಿಯಂ ಮತ್ತು ಪಿರಾಟ್‌ಗಳ ಸಿಹಿ ಬಜ್ಜಿಯ ಮೇಲೆ ಇನ್ನೊಂದು ಲೇಪ ಬಳಿಯುತ್ತದೆ, ಅದೂ ಅಲ್ಲದೆ ಆಲ್ಕೋಹಾಲಿನ ಬಿಸಿ ಮೆಣಸಿನ ಖಾರವನ್ನು ಕೆರಳಿಸುತ್ತದೆ. ಶುಫ್ ಪೆಪ್ಪರ್ ಚಿಕನ್‌ಗೆ ಚೆನ್ನಾಗಿಯೇ ಹೊಂದುತ್ತದೆ, ಕೊತ್ತಂಬರಿಗೂ ಮೆಣಸಿಗೂ ಹಳೆಯ ಸ್ನೇಹ.

ಅಳತೆಯ ಮಾತನ್ನು ಬಿಡುವಂತಿಲ್ಲ. ಒಂದು ಡೂವೆಲ್ ಬಾಟಲಿಯಲ್ಲಿ ಸುಮಾರು 28 ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ 5ರ ಮಾಮೂಲಿ ಬಿಯರನ್ನು ಇಲ್ಲಿ ಕೊಡುವ 25 ಸೆಂಟಿಲೀಟರ್ ಲೋಟದಲ್ಲಿ ಕುಡಿದರೆ ಎರಡು ಲೋಟಕ್ಕೂ ಮೀರಿದ್ದು. ಹಗುರ ರುಚಿಯ ಅಪಾಯ ಇದೇ, ಗಂಟಲು ಎಚ್ಚರಿಕೆ ಕೊಡುವುದಿಲ್ಲ. ನನ್ನ ಮಿತಿ ಒಂದು ಸಂಜೆಗೆ ಒಂದು ಬಾಟಲಿ, ಕಾರು ಮುಟ್ಟುವುದಿಲ್ಲ. ಆ ಒಂದೇ ಬಾಟಲಿ ಗಂಟೆಗಟ್ಟಲೆ ಬರುವುದರಿಂದ ಜೇಬಿಗೂ ಹಿತ. ಮನೆಯ ನೆಲಮಾಳಿಗೆಯಲ್ಲಿ ಈಗ ಡೂವೆಲ್‌ನ ಕ್ರೇಟ್ ನಿಂತಿದೆ, ಬಾಟಲಿಗಳು ನೆಟ್ಟಗೆ. ಶುಫ್ ಅತಿಥಿಗಳಿಗೆ, ಡೆಲಿರಿಯಂ ಹೆಂಡತಿಗೆ. ಉಡುಗೊರೆ ಪೆಟ್ಟಿಗೆಗಳನ್ನು ಕೊಳ್ಳುವುದನ್ನು ಬಿಟ್ಟಿದ್ದೇವೆ.

ಬೆಂಗಳೂರಿನಲ್ಲಿ ಆಮದು ಬಿಯರ್ ಇಡುವ ಅಂಗಡಿಯಲ್ಲಿ ಡೂವೆಲ್ ಕಣ್ಣಿಗೆ ಬಿದ್ದರೆ ಹಣ ಕೊಡುವ ಮೊದಲು ಎರಡು ಸಂಗತಿ ನೋಡಿ: ಬಾಟಲಿಯ ಮೇಲಿನ ತಾರೀಖು, ಮತ್ತು ಅದನ್ನು ಎಲ್ಲಿ ಇಟ್ಟಿದ್ದರು ಎಂಬುದು. ಬೆಳಕು ಹಾಪ್ಸ್ ಅನ್ನು ಕೆಡಿಸುತ್ತದೆ, ಕಂದು ಗಾಜು ತಕ್ಕಮಟ್ಟಿಗೆ ತಡೆದರೂ ಬಿಸಿಲು ಬೀಳುವ ಕಿಟಕಿಯಲ್ಲಿ ತಿಂಗಳುಗಟ್ಟಲೆ ನಿಂತದ್ದು ಬೇಡ. ಸೆಕೆಯಲ್ಲಿ ಹಳತಾದ ಬಾಟಲಿಯಲ್ಲಿ ಒದ್ದೆ ರಟ್ಟಿನ ವಾಸನೆ ಬಂದು ಪೇರ್ ಹಣ್ಣಿನ ಘಮ ಇಲ್ಲವಾಗುತ್ತದೆ. ತಂಪಾದ ಕಪಾಟಿನಲ್ಲಿ ನೆಟ್ಟಗೆ ನಿಂತಿರುವ, ತಾರೀಖು ದೂರವಿರುವ ಬಾಟಲಿ ಸಿಕ್ಕರೆ ಮಾತ್ರ ತನ್ನಿ. ಟುಲಿಪ್ ಲೋಟ ಸಿಗದಿದ್ದರೆ ಅರ್ಧ ಲೀಟರ್ ಹಿಡಿಯುವ ದೊಡ್ಡ ವೈನ್ ಲೋಟವಾದರೂ ಸಾಕು.