ಸೋನಿ ಡಬ್ಲ್ಯು830, ಕ್ಯಾನನ್ ಇಕ್ಸಸ್ 185: ಅಂಕಿ ಒಂದೇ, ಫೋಟೊ ಬೇರೆ

ಡಬ್ಬಿಯ ಮೇಲಿನ ಅಂಕಿಗಳನ್ನಷ್ಟೇ ಓದಿದರೆ ಈ ಎರಡು ಕ್ಯಾಮೆರಾಗಳಲ್ಲಿ ಯಾವುದನ್ನು ಎತ್ತಿಕೊಂಡರೂ ಒಂದೇ ಅನ್ನಿಸುತ್ತದೆ. ಸೋನಿ ಸೈಬರ್‌ಶಾಟ್ ಡಬ್ಲ್ಯು830 ಬಂದದ್ದು 2014ರಲ್ಲಿ, ಕ್ಯಾನನ್ ಇಕ್ಸಸ್ 185 ಬಂದದ್ದು 2017ರಲ್ಲಿ. ಎರಡರಲ್ಲೂ 20 ಮೆಗಾಪಿಕ್ಸೆಲ್, 1/2.3 ಇಂಚಿನ ಸಿಸಿಡಿ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್), 8 ಪಟ್ಟು ಆಪ್ಟಿಕಲ್ ಝೂಮ್, 2.7 ಇಂಚಿನ ಪರದೆ, 720ಪಿ ವಿಡಿಯೊ. ಬ್ಯಾಟರಿ, ಕಾರ್ಡ್ ಸೇರಿದರೂ ಎರಡೂ 130 ಗ್ರಾಂ ದಾಟುವುದಿಲ್ಲ. ವೈ-ಫೈ ಎರಡರಲ್ಲೂ ಇಲ್ಲ, ಟಚ್ ಪರದೆಯೂ ಇಲ್ಲ.

ಮೂರು ವರ್ಷ ಹೊಸದು ಎಂಬ ಕಾರಣಕ್ಕೆ ಕ್ಯಾನನ್ ಆರಿಸಿದರೆ ಲೆಕ್ಕ ತಪ್ಪುತ್ತದೆ. ಹೊಸದರಲ್ಲಿ ಇಲ್ಲದ ಒಂದು ಭಾಗ ಹಳೆಯದರಲ್ಲಿದೆ: ಕೈ ಅಲುಗಿದಾಗ ಲೆನ್ಸಿನೊಳಗೆ ತಾನೂ ಸರಿದು ಚಿತ್ರವನ್ನು ನಿಲ್ಲಿಸುವ ಗಾಜು. ಉಳಿದ ವ್ಯತ್ಯಾಸಗಳು ಇದರ ಮುಂದೆ ಚಿಕ್ಕವು. ಹಾಗಾಗಿ ಮೊದಲು ಇದನ್ನೇ ನೋಡೋಣ.

ಕೈ ನಡುಕ

ಸೋನಿಯಲ್ಲಿರುವುದು ಆಪ್ಟಿಕಲ್ ಸ್ಟೆಡಿಶಾಟ್. ಒಳಗಿನ ಗೈರೊ ಸೆನ್ಸರ್ ಕೈ ಯಾವ ಕಡೆಗೆ ಅಲುಗಿತು ಎಂದು ಗ್ರಹಿಸುತ್ತದೆ, ಲೆನ್ಸಿನ ಒಂದು ಗಾಜು ಅದನ್ನು ಸರಿದೂಗಿಸುವಷ್ಟು ಜರುಗುತ್ತದೆ, ಸೆನ್ಸರ್ ಮೇಲೆ ಬಿದ್ದ ಚಿತ್ರ ಅಲ್ಲೇ ನಿಲ್ಲುತ್ತದೆ. ಇಕ್ಸಸ್ 185ರಲ್ಲಿ ಇರುವುದು ಡಿಜಿಟಲ್ ಸ್ಥಿರೀಕರಣ. ಅಲ್ಲಿ ಜರುಗುವ ಗಾಜು ಯಾವುದೂ ಇಲ್ಲ. ಫೋಟೊ ತೆಗೆಯುವಾಗ ಮಸುಕು ತಪ್ಪಿಸಲು ಅದಕ್ಕೆ ಉಳಿದಿರುವುದು ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) ಏರಿಸಿ ಶಟರ್ ಬೇಗ ಮುಚ್ಚುವ ದಾರಿ ಮಾತ್ರ. ಐಎಸ್‌ಒ ಏರಿದರೆ ಕಾಳುಕಾಳು ಏರುತ್ತದೆ, ಅದನ್ನು ಒರೆಸಲು ಹೋದ ಕ್ಯಾಮೆರಾ ಕೂದಲು, ಬಟ್ಟೆಯ ನೇಯ್ಗೆ, ಎಲೆಯ ನರ ಎಲ್ಲವನ್ನೂ ಒರೆಸಿಹಾಕುತ್ತದೆ.

ಲೆಕ್ಕ ಹಾಕಿ ನೋಡಿ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ ಕನಿಷ್ಠ ಒಂದರ ಕೆಳಗೆ ಫೋಕಲ್ ಲೆಂತ್ (ಲೆನ್ಸ್ ದೂರದ್ದನ್ನು ಎಷ್ಟು ಹತ್ತಿರ ತೋರಿಸುತ್ತದೆ ಎಂಬ ಅಳತೆ, ಇಲ್ಲೆಲ್ಲ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ) ಇಟ್ಟಷ್ಟಿರಬೇಕು ಎಂಬುದು ಹಳೆಯ ನಿಯಮ. ಅಂದರೆ 200 ಮಿ.ಮೀ.ಗೆ 1/200 ಸೆಕೆಂಡ್. ಸಾಧಾರಣ ದೀಪವಿರುವ, ಸುಮಾರು 150 ಲಕ್ಸ್ ಬೆಳಕಿನ ಕೋಣೆಯನ್ನು ತೆಗೆದುಕೊಳ್ಳಿ. ಝೂಮ್ ಮಾಡದೆ, ಐಎಸ್‌ಒ 400ರಲ್ಲಿ, ಎರಡು ಕ್ಯಾಮೆರಾಗಳಿಗೂ ಸುಮಾರು 1/25 ಸೆಕೆಂಡ್ ಸಿಗುತ್ತದೆ. ಕ್ಯಾನನ್‌ಗೆ ಇಲ್ಲಿ, ಅದರ 28 ಮಿ.ಮೀ. ತುದಿಗೆ, ಬೇಕಾದದ್ದು 1/30. ಅಂಚಿನಲ್ಲಿದೆ: ಉಸಿರು ಬಿಗಿಹಿಡಿದು ತೆಗೆದರೆ ಬರುತ್ತದೆ, ಅವಸರಪಟ್ಟರೆ ಮಸುಕು. ಸೋನಿ ಇದೇ ಜಾಗದಲ್ಲಿ ನಿರಾಳವಾಗಿ ದಾಟುತ್ತದೆ.

ಪೂರ್ತಿ ಝೂಮ್ ಮಾಡಿದಾಗ ನಿಜವಾದ ಅಂತರ ಕಾಣುತ್ತದೆ. ಸೋನಿಯ ಲೆನ್ಸಿನ ಕಿಂಡಿ ಎಫ್/3.3ರಿಂದ 6.3ಕ್ಕೆ, ಕ್ಯಾನನ್ನಿನದು ಎಫ್/3.2ರಿಂದ 6.9ಕ್ಕೆ ಕಿರಿದಾಗುತ್ತದೆ (ಎಫ್ ಅಂಕಿ ಏರಿದಷ್ಟೂ ಬೆಳಕು ಕಡಿಮೆ). ಅದೇ ಕೋಣೆಯಲ್ಲಿ ಐಎಸ್‌ಒ 1600ಕ್ಕೆ ಏರಿಸಿದರೂ ಕ್ಯಾನನ್‌ಗೆ ಸಿಗುವುದು ಸುಮಾರು 1/20. ಪೂರ್ತಿ ಝೂಮಿನ 224 ಮಿ.ಮೀ.ಗೆ ಬೇಕಾದದ್ದು 1/224ರ ಸುತ್ತ. ಹತ್ತಿರವೂ ಇಲ್ಲ. ಸೋನಿಗೆ ಸುಮಾರು 1/25 ಸಿಗುತ್ತದೆ, ಸ್ಟೆಡಿಶಾಟ್ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಶಟರ್ ತೆರೆದಿರುವ ಹೊತ್ತಿನ ದುಪ್ಪಟ್ಟು) ಕೈಹಿಡಿಯುವುದರಿಂದ ಕೆಲವು ಫೋಟೊಗಳಾದರೂ ಗಟ್ಟಿಯಾಗಿ ಬರುತ್ತವೆ. ವೇದಿಕೆಯ ಮೇಲಿನವರನ್ನು ಸಭಾಂಗಣದ ಹಿಂದಿನ ಸಾಲಿನಿಂದ ತೆಗೆಯುವವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಒಂದು ಮಿತಿ ಮಾತ್ರ ನೆನಪಿರಲಿ. ಸ್ಟೆಡಿಶಾಟ್ ನಿಲ್ಲಿಸುವುದು ನಮ್ಮ ಕೈಯನ್ನು, ಎದುರಿಗೆ ಓಡುವ ಮಗುವನ್ನಲ್ಲ. 1/25ರಲ್ಲಿ ಗೋಡೆ ಸ್ಪಷ್ಟವಾಗಿರುತ್ತದೆ, ಮಗು ಮಸುಕಾಗಿರುತ್ತದೆ.

ಎರಡನ್ನೂ ಪಕ್ಕದಲ್ಲಿಟ್ಟು ಪರೀಕ್ಷಿಸಲು ಸುಲಭ ವಿಧಾನವಿದೆ. ಅಚ್ಚಾದ ಹಾಳೆಯೊಂದನ್ನು ಗೋಡೆಗೆ ಅಂಟಿಸಿ ನಾಲ್ಕು ಮೀಟರ್ ದೂರ ನಿಲ್ಲಿ. ಪ್ರೋಗ್ರಾಂ ಮೋಡ್, ಐಎಸ್‌ಒ 400, ಫ್ಲ್ಯಾಶ್ ಬಂದ್, ಡಿಜಿಟಲ್ ಝೂಮ್ ಬಂದ್, ಆಪ್ಟಿಕಲ್ ಝೂಮ್ ಪೂರ್ತಿ. ಪ್ರತಿ ಸಲವೂ ಶಟರ್ ಗುಂಡಿ ಅರ್ಧ ಒತ್ತಿ ಫೋಕಸ್ ಕೂತ ಮೇಲೆ ಪೂರ್ತಿ ಒತ್ತುತ್ತ ಹತ್ತು ಫೋಟೊ ತೆಗೆಯಿರಿ. ಎಷ್ಟರಲ್ಲಿ ಅಕ್ಷರ ಓದಬಹುದು ಎಂದು ಕಂಪ್ಯೂಟರಿನಲ್ಲಿ ಎಣಿಸಿ, ಏಕೆಂದರೆ ಕ್ಯಾಮೆರಾದ 2 ಲಕ್ಷ 30 ಸಾವಿರ ಚುಕ್ಕಿಗಳ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಬೆಳಕು ಇಳಿಯುತ್ತಾ ಹೋದಂತೆ ಕ್ಯಾನನ್ನಿನ ಎಣಿಕೆ ಮೊದಲು ಬೀಳುತ್ತದೆ.

ಅಗಲ ಮತ್ತು ದೂರ

ಸೋನಿಯ ಲೆನ್ಸ್ 25ರಿಂದ 200 ಮಿ.ಮೀ., ಕ್ಯಾನನ್ನಿನದು 28ರಿಂದ 224 ಮಿ.ಮೀ. ಎರಡು ತುದಿಯಲ್ಲೂ ವ್ಯತ್ಯಾಸ ಸುಮಾರು ಶೇ. 12. ಹಾಗೆಂದು ಎರಡು ತುದಿಗಳ ಬೆಲೆ ಒಂದೇ ಅಲ್ಲ. ದೂರದ ಕಡೆ ಕಡಿಮೆಬಿದ್ದ ಶೇ. 12ನ್ನು ಆಮೇಲೆ ಫೋಟೊ ಕತ್ತರಿಸಿ ಪಡೆಯಬಹುದು. ಅಗಲದ ಕಡೆ ಚೌಕಟ್ಟಿನಿಂದ ಹೊರಗುಳಿದವರನ್ನು ಆಮೇಲೆ ಒಳಗೆ ತರಲಾಗದು. ಚಿಕ್ಕ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿದ ಮೇಲೆ ಹಿಂದೆ ಸರಿಯಲು ಜಾಗವಿರುವುದಿಲ್ಲ. ಗುಂಪು ಫೋಟೊ, ಮನೆಯ ಒಳಭಾಗ, ಕಟ್ಟಡ ತೆಗೆಯುವವರಿಗೆ 25 ಮಿ.ಮೀ. ಲಾಭ. ಸೋನಿಯಲ್ಲಿ ಕ್ಯಾಮೆರಾವನ್ನು ಅಡ್ಡಲಾಗಿ ತಿರುಗಿಸುತ್ತ ಉದ್ದ ಫೋಟೊ ಹೊಲಿಯುವ ಸ್ವೀಪ್ ಪನೋರಮಾ ಕೂಡ ಇದೆ. ಬೆಟ್ಟದ ಸಾಲಿಗೆ ಚೆನ್ನ. ಚಲಿಸುವ ಜನರಿದ್ದರೆ ಮಾತ್ರ ಹೊಲಿಗೆ ಬಂದಲ್ಲಿ ಕೈಕಾಲು ತುಂಡಾಗಿ ಕಾಣುತ್ತವೆ.

ಹತ್ತಿರದ ವಸ್ತುಗಳಿಗೆ ಬಂದರೆ ಲೆಕ್ಕ ತಿರುಗುತ್ತದೆ. ಝೂಮ್ ಮಾಡದ ಸ್ಥಿತಿಯಲ್ಲಿ ಕ್ಯಾನನ್ 1 ಸೆಂ.ಮೀ. ಹತ್ತಿರಕ್ಕೆ ಹೋಗಬಲ್ಲದು, ಸೋನಿ 5 ಸೆಂ.ಮೀ.ಗೆ ನಿಲ್ಲುತ್ತದೆ. ನಾಣ್ಯ, ಅಂಚೆಚೀಟಿ, ಹೂವಿನ ಕೇಸರ, ಇರುವೆ, ಸರ್ಕ್ಯೂಟ್ ಬೋರ್ಡಿನ ಬೆಸುಗೆ ಇವುಗಳಲ್ಲಿ ಕ್ಯಾನನ್ ಸ್ಪಷ್ಟವಾಗಿ ಮುಂದೆ. ಒಂದು ಸೆಂಟಿಮೀಟರಿನಲ್ಲಿ ಲೆನ್ಸಿನ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ, ಫ್ಲ್ಯಾಶ್ ಹಾಕಿದರೆ ಅರ್ಧ ಚಿತ್ರ ಕಪ್ಪು. ಆದ್ದರಿಂದ ಫ್ಲ್ಯಾಶ್ ಬಂದ್ ಮಾಡಿ, ಕಿಟಕಿಯ ಬೆಳಕು ಪಕ್ಕದಿಂದ ಬರುವಂತೆ ವಸ್ತುವನ್ನಿಟ್ಟು, ಎದುರು ಬದಿಗೆ ಬಿಳಿ ಹಾಳೆ ನಿಲ್ಲಿಸಿ, 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ ತೆಗೆಯಿರಿ. ಝೂಮ್ ಮಾಡಿದ ಕೂಡಲೇ ಕನಿಷ್ಠ ದೂರ ಏರಿಬಿಡುತ್ತದೆ. ಪೂರ್ತಿ ಝೂಮಿನಲ್ಲಿ ಕ್ಯಾನನ್‌ಗೆ ಸುಮಾರು 1 ಮೀಟರ್, ಸೋನಿಗೆ 1.5 ಮೀಟರ್ ಬೇಕು. ಚಿಟ್ಟೆಯ ಹತ್ತಿರ ಹೋಗಿ ಝೂಮ್ ಒತ್ತಿದಾಗ ಫೋಕಸ್ ಚೌಕ ಹಸಿರಾಗದಿದ್ದರೆ ಕಾರಣ ಇದೇ, ಕ್ಯಾಮೆರಾ ಕೆಟ್ಟಿಲ್ಲ.

20 ಮೆಗಾಪಿಕ್ಸೆಲ್ ಎಂಬ ಭಾರ

ಇಲ್ಲಿ ಇಬ್ಬರೂ ಸಮಾನವಾಗಿ ಸೋಲುತ್ತಾರೆ. ಈ ಸೆನ್ಸರಿನ ಅಗಲ ಸುಮಾರು 6.17 ಮಿ.ಮೀ. ಅದರಲ್ಲಿ 5152 ಪಿಕ್ಸೆಲ್ ತುಂಬಿಸಿದರೆ ಒಂದೊಂದರ ಅಗಲ 1.2 ಮೈಕ್ರಾನ್. ಎಫ್/6.9ರ ಕಿಂಡಿಯಿಂದ ಬಂದ ಬೆಳಕಿನ ಚುಕ್ಕಿ ವಿವರ್ತನೆಯಿಂದ ಹರಡಿ ಸುಮಾರು 9 ಮೈಕ್ರಾನ್ ಅಗಲವಾಗುತ್ತದೆ. ಒಂದು ಪಿಕ್ಸೆಲ್ಲಿನಲ್ಲಿ ಕೂರಬೇಕಾದದ್ದು ಏಳೆಂಟು ಪಿಕ್ಸೆಲ್ ಅಗಲಕ್ಕೆ ಚೆಲ್ಲಿದಂತಾಯಿತು. ಹಾಗಾಗಿ ಪೂರ್ತಿ ಝೂಮಿನಲ್ಲಿ 20 ಮೆಗಾಪಿಕ್ಸೆಲ್ಲಿನ ಫೈಲ್ ಜಾಗ ತಿನ್ನುತ್ತದೆಯೇ ಹೊರತು ವಿವರ ಕೊಡುವುದಿಲ್ಲ. ಚಿತ್ರದ ಗಾತ್ರವನ್ನು ಒಂದು ಹಂತ ಕೆಳಗಿಳಿಸಿದರೆ ಕಾರ್ಡಿನಲ್ಲಿ ಜಾಗ ಉಳಿಯುತ್ತದೆ, ಕಣ್ಣಿಗೆ ಕಾಣುವ ನಷ್ಟವಿಲ್ಲ. ಇನ್ನಷ್ಟು ಮೆಗಾಪಿಕ್ಸೆಲ್ ಇದ್ದರೆ ಒಳ್ಳೆಯದಿತ್ತು ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು.

ಐಎಸ್‌ಒ ವಿಷಯದಲ್ಲಿ ಕ್ಯಾನನ್ 100ರಿಂದ 1600, ಸೋನಿ 80ರಿಂದ 3200. ಆ 3200 ಹೆಸರಿಗಷ್ಟೇ. ಎರಡರಲ್ಲೂ 200ರವರೆಗೆ ಚಿತ್ರ ಶುಭ್ರ, 400ರಲ್ಲಿ ಕೂದಲಿನ ಎಳೆಗಳು ಅಂಟಿಕೊಳ್ಳಲು ಶುರು, 800 ಮೊಬೈಲ್ ಪರದೆಯಲ್ಲಿ ನೋಡುವುದಕ್ಕೆ ಮಾತ್ರ. ಅದರಾಚೆ ಬೇರೆ ದಾರಿಯೇ ಇಲ್ಲದಾಗ ಬಳಸಿ. ಬಿಸಿಲಿನಲ್ಲಿ ಎರಡರ ಬಣ್ಣವೂ ಚೆನ್ನಾಗಿದೆ. ಚರ್ಮದ ಬಣ್ಣ ಕ್ಯಾನನ್ನಿನಲ್ಲಿ ಹೆಚ್ಚು ಹಿತ ಎಂಬುದು ನಮ್ಮ ಅಭಿಪ್ರಾಯ. ಈ ಗಾತ್ರದ ಸೆನ್ಸರ್ ಬಿಳಿ ಅಂಗಿ, ಮೋಡ, ಸುಣ್ಣ ಬಳಿದ ಗೋಡೆಗಳನ್ನು ಬೇಗ ಸುಟ್ಟುಬಿಡುತ್ತದೆ, ಒಮ್ಮೆ ಸುಟ್ಟದ್ದನ್ನು ಕಂಪ್ಯೂಟರಿನಲ್ಲಿ ಮರಳಿ ತರಲಾಗದು. ಹೊರಾಂಗಣದಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನನ್ನು (ಚಿತ್ರದ ಬೆಳಕನ್ನು ಕ್ಯಾಮೆರಾದ ಲೆಕ್ಕಕ್ಕಿಂತ ಏರಿಸುವ, ಇಳಿಸುವ ಆಯ್ಕೆ) -1/3 ಅಥವಾ -2/3ಕ್ಕೆ ಇಟ್ಟುಕೊಳ್ಳುವುದು ಎರಡಕ್ಕೂ ಒಳ್ಳೆಯ ಅಭ್ಯಾಸ. ಕಪ್ಪಾದ ಭಾಗವನ್ನು ಆಮೇಲೆ ಸ್ವಲ್ಪ ಎತ್ತಬಹುದು.

ಫ್ಲ್ಯಾಶ್ ಎರಡರಲ್ಲೂ ಪುಟ್ಟದು. ಝೂಮ್ ಮಾಡದೆ ಮೂರು ಮೀಟರಿನ ಒಳಗಿದ್ದರೆ ಮುಖ ಬೆಳಗುತ್ತದೆ, ಝೂಮ್ ಮಾಡಿದರೆ ಆ ದೂರ ಇನ್ನೂ ಕುಗ್ಗುತ್ತದೆ. ಕತ್ತಲಲ್ಲಿ ಹೆಜ್ಜೆ ಮುಂದಿಡಿ, ಝೂಮ್ ಬೇಡ.

ವಿಡಿಯೊ

ಎರಡೂ 1280×720. ಸೋನಿ ಸೆಕೆಂಡಿಗೆ 30 ಫ್ರೇಮ್, ಕ್ಯಾನನ್ 25. ಇಲ್ಲಿ 30 ಎಂದರೆ ಮೇಲು ಎಂದು ತಿಳಿಯಬೇಡಿ. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 25 ಅದರೊಳಗೆ ಸರಿಯಾಗಿ ಕೂರುತ್ತದೆ, 30 ಕೂರುವುದಿಲ್ಲ. ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಕೆಳಗೆ ಸೋನಿಯ ವಿಡಿಯೊದಲ್ಲಿ ಬೆಳಕು ಅಲೆಯಾಡುವುದು ಈ ಕಾರಣಕ್ಕೆ. 60 ಹರ್ಟ್ಸ್ ಇರುವಲ್ಲಿ ಪರಿಸ್ಥಿತಿ ತಿರುವುಮುರುವು. ಸ್ಥಿರತೆಯಲ್ಲಿ ಮಾತ್ರ ಸೋನಿಯ ಕೈ ಮತ್ತೆ ಮೇಲು.

ಸಿಸಿಡಿ ಸೆನ್ಸರಿನ ಒಂದು ಗುಣ ಎರಡಕ್ಕೂ ಅಂಟಿದೆ. ಸೂರ್ಯ, ವಾಹನದ ದೀಪ, ವೇದಿಕೆಯ ದೀಪ ಚೌಕಟ್ಟಿನೊಳಗೆ ಬಂದರೆ ಮೇಲಿಂದ ಕೆಳಗೆ ನೇರಳೆ ಪಟ್ಟೆಯೊಂದು ಎಳೆಯುತ್ತದೆ. ಚಾರ್ಜ್ ಒಂದು ಕಂಬಸಾಲಿನಿಂದ ಕೆಳಗಿಳಿಯುವಾಗ ಬೆಳಕು ಬೀಳುತ್ತಲೇ ಇರುವುದರಿಂದ ಹೀಗಾಗುತ್ತದೆ. ಶಟರ್ ಮುಚ್ಚಿಕೊಳ್ಳುವ ಸ್ಥಿರಚಿತ್ರದಲ್ಲಿ ಅದು ಸಾಮಾನ್ಯವಾಗಿ ಬರುವುದಿಲ್ಲ, ವಿಡಿಯೊದಲ್ಲಿ ಉಳಿದುಬಿಡುತ್ತದೆ. ಪರದೆಯಲ್ಲಿ ಪಟ್ಟೆ ಕಂಡರೆ ದೀಪವನ್ನು ಚೌಕಟ್ಟಿನಿಂದ ಹೊರಗೆ ತಳ್ಳಿ, ಬೇರೆ ಔಷಧವಿಲ್ಲ.

ಬ್ಯಾಟರಿ

ತಯಾರಕರು ಹೇಳುವ ಲೆಕ್ಕ ಎರಡಕ್ಕೂ ಸುಮಾರು 210 ಫೋಟೊ. ಸೋನಿಗೆ ಎನ್‌ಪಿ-ಬಿಎನ್, ಕ್ಯಾನನ್‌ಗೆ ಎನ್‌ಬಿ-11ಎಲ್. ಇವುಗಳಲ್ಲಿ ಎನ್‌ಬಿ-11ಎಲ್ 680 ಎಂಎಎಚ್. ಅದೇ ಆಕಾರದ ಎನ್‌ಬಿ-11ಎಲ್‌ಎಚ್ 800 ಎಂಎಎಚ್, ಅದೂ ಕ್ಯಾನನ್‌ಗೆ ಕೂರುತ್ತದೆ, ಎರಡನೇ ಬ್ಯಾಟರಿ ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ದಿನನಿತ್ಯ ಕಾಡುವುದು ಚಾರ್ಜಿಂಗ್ ವಿಧಾನ. ಸೋನಿಯಲ್ಲಿ ಬ್ಯಾಟರಿ ಕ್ಯಾಮೆರಾದೊಳಗೇ ಯುಎಸ್‌ಬಿ ಕೇಬಲ್ಲಿನಿಂದ ಚಾರ್ಜ್ ಆಗುತ್ತದೆ. ಪ್ರಯಾಣದಲ್ಲಿ ಪವರ್ ಬ್ಯಾಂಕ್ ಸಾಕು, ಆದರೆ ಚಾರ್ಜ್ ಆಗುವಷ್ಟು ಹೊತ್ತು ಕ್ಯಾಮೆರಾ ಕಟ್ಟಿಹಾಕಿದಂತೆ. ಕ್ಯಾನನ್ನಿನಲ್ಲಿ ಬ್ಯಾಟರಿ ಹೊರತೆಗೆದು ಪ್ರತ್ಯೇಕ ಚಾರ್ಜರಿಗೆ ಹಾಕಬೇಕು. ಚಾರ್ಜರ್ ಮರೆತರೆ ಕೆಲಸ ಕೆಟ್ಟಿತು, ಎರಡು ಬ್ಯಾಟರಿ ಇದ್ದರೆ ಒಂದು ಗೋಡೆಯಲ್ಲಿ, ಒಂದು ಕೈಯಲ್ಲಿ. ದಿನವಿಡೀ ಫೋಟೊ ತೆಗೆಯುವ ಕೆಲಸಕ್ಕೆ ಕ್ಯಾನನ್ನಿನ ವ್ಯವಸ್ಥೆಯೇ ಮೇಲು.

ಹಾಗಾದರೆ ಯಾವುದು?

ಒಳಾಂಗಣ, ಸಮಾರಂಭ, ಸಂಜೆ ಬೆಳಕು, ದೂರದ ವಸ್ತು ಇದ್ದರೆ ಸೋನಿ. ಹಗಲು ಹೊತ್ತಿನ ಹೊರಾಂಗಣ, ಸಂಗ್ರಹದ ಚಿಕ್ಕ ವಸ್ತುಗಳು, ಟ್ರೈಪಾಡ್ ಮೇಲಿನ ಕೆಲಸ ಇದ್ದರೆ ಕ್ಯಾನನ್. ಒಂದೇ ಕ್ಯಾಮೆರಾ ಎಲ್ಲಕ್ಕೂ ಬೇಕೆಂದರೆ ಡಬ್ಲ್ಯು830. ಕ್ಯಾನನ್ನೇ ಬೇಕು ಎನ್ನುವವರು ಸ್ವಲ್ಪ ಹೆಚ್ಚು ಕೊಟ್ಟು ಇಕ್ಸಸ್ 190 ನೋಡಿ: ಅದರಲ್ಲಿ ಆಪ್ಟಿಕಲ್ ಸ್ಥಿರೀಕರಣ, 24ರಿಂದ 240 ಮಿ.ಮೀ.ನ 10 ಪಟ್ಟು ಝೂಮ್, ವೈ-ಫೈ ಮೂರೂ ಇವೆ. ಹೆಸರಿನಲ್ಲಿ ಐದರ ವ್ಯತ್ಯಾಸ, ಕೆಲಸದಲ್ಲಿ ತುಂಬ.

ಬಳಸಿದ್ದನ್ನು ಕೊಳ್ಳುವಾಗ

ಇವು ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಸಿಗುವ ಕ್ಯಾಮೆರಾಗಳು. ಮೊದಲು ಐದಾರು ಸಲ ಆನ್, ಆಫ್ ಮಾಡಿ, ಲೆನ್ಸ್ ಹೊರಬರುವ ಸದ್ದು ಕೇಳಿ. ಕರಕರ ಎಂದರೆ ಕೊಳವೆಗಳ ನಡುವೆ ಮರಳು ಸೇರಿದೆ ಎಂದರ್ಥ. ಕ್ಯಾನನ್ ಪರದೆಯಲ್ಲಿ ಲೆನ್ಸ್ ಎರರ್ ಎಂದು ಬಂದು ತಾನೇ ಆಫ್ ಆದರೆ, ಅಥವಾ ಸೋನಿಯಲ್ಲಿ ಸಿ:32, ಇ:61, ಇ:62 ಎಂದು ಶುರುವಾಗುವ ಸಂಕೇತ ಕಂಡರೆ ಬ್ಯಾಟರಿ ತೆಗೆದು ಹಾಕಿ ನೋಡಿ. ಮತ್ತೆ ಅದೇ ಬಂದರೆ ಬಿಟ್ಟುಬಿಡಿ, ಲೆನ್ಸ್ ಬದಲಿಸುವ ಖರ್ಚಿನಲ್ಲಿ ಇನ್ನೊಂದು ಕ್ಯಾಮೆರಾ ಬರುತ್ತದೆ. ಇಂಥ ಲೆನ್ಸ್ ಕೆಡುವುದು ಬಹುಪಾಲು ಬಿದ್ದಾಗ, ಮರಳು ಸೇರಿದಾಗ, ಇಲ್ಲವೇ ಜೇಬಿನೊಳಗೆ ಗುಂಡಿ ಒತ್ತಿಹೋಗಿ ಲೆನ್ಸ್ ಹೊರಬರಲು ಜಾಗವಿಲ್ಲದಾಗ.

ಆಮೇಲೆ ಪೂರ್ತಿ ಝೂಮ್ ಮಾಡಿ ಬಿಳಿ ಗೋಡೆಯ ಫೋಟೊ ತೆಗೆದು, ಪರದೆಯಲ್ಲಿ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ನೋಡಿ. ಬೂದು ಚುಕ್ಕಿ ಕಂಡರೆ ಸೆನ್ಸರ್ ಮೇಲೆ ಧೂಳು ಕೂತಿದೆ, ಮನೆಯಲ್ಲಿ ಒರೆಸುವಂಥದ್ದಲ್ಲ. ಝೂಮ್ ಮಾಡದಿದ್ದಾಗ ಕಾಣದ ಚುಕ್ಕಿ ಪೂರ್ತಿ ಝೂಮಿನಲ್ಲಿ ಎದ್ದುಕಾಣುತ್ತದೆ, ಅದಕ್ಕೇ ಈ ಪರೀಕ್ಷೆ. ಫ್ಲ್ಯಾಶ್ ಕಡ್ಡಾಯವಾಗಿ ಉರಿಯುವಂತೆ ಮಾಡಿ ಎರಡು ಸಲ ತೆಗೆಯಿರಿ. ಬ್ಯಾಟರಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಲ್ಲಿ ತಿರುಗಿಸಿ, ಗಿರ್ರನೆ ತಿರುಗಿದರೆ ಹೊಟ್ಟೆ ಉಬ್ಬಿದೆ, ಅದನ್ನು ಬಳಸಕೂಡದು. ದಿನಾಂಕ ಪ್ರತಿ ಸಲ ಕೇಳುತ್ತಿದ್ದರೆ ಹೆದರಬೇಕಿಲ್ಲ. ಒಳಗಿನ ಗಡಿಯಾರದ ಪುಟ್ಟ ಬ್ಯಾಟರಿ ಬರಿದಾಗಿರುತ್ತದೆ, ತುಂಬಿದ ಮುಖ್ಯ ಬ್ಯಾಟರಿಯನ್ನು ಒಂದು ದಿನ ಒಳಗೇ ಬಿಟ್ಟರೆ ಅದು ತಾನೇ ಚಾರ್ಜ್ ಆಗುತ್ತದೆ. ಆಮೇಲೂ ದಿನಾಂಕ ಕೇಳಿದರೆ ಆ ಬ್ಯಾಟರಿಯ ಆಯುಸ್ಸು ಮುಗಿದಿದೆ. ಫೋಟೊ ಚೆನ್ನಾಗಿಯೇ ಬರುತ್ತದೆ, ಬ್ಯಾಟರಿ ಬದಲಿಸಿದಾಗಲೆಲ್ಲ ತಾರೀಕು ಹಾಕಿಕೊಳ್ಳಬೇಕು ಅಷ್ಟೆ.