ಕಳಚಿದ ವ್ಯಾಕ್ಯೂಮ್ ಪೈಪ್ ಹುಡುಕಲು ಯಾವುದು ವಾಸಿ: ಕಿವಿಯೋ, ಸ್ಪ್ರೇಯೋ, ಗೇಜೋ, ಹೊಗೆಯೋ?

ಕಾರ್ಬುರೇಟರ್ ಇರುವ ಮಾರುತಿ 800 ಅಥವಾ ಝೆನ್ ಐಡ್ಲಿಂಗ್‌ನಲ್ಲಿ ನಡುಗಿ ನಿಂತುಹೋಗುತ್ತಿದೆ, ರೇಸ್ ಕೊಟ್ಟ ಕೂಡಲೇ ಸರಿಹೋಗುತ್ತದೆ ಎಂದರೆ ಕಾರ್ಬುರೇಟರ್ ಬಿಚ್ಚಿಸಲು ಆತುರ ಬೇಡ. ಎಂಜಿನ್ನಿನ ಎಳೆತವನ್ನು (ವ್ಯಾಕ್ಯೂಮ್) ಬೇರೆ ಬೇರೆ ಭಾಗಗಳಿಗೆ ಒಯ್ಯುವ ರಬ್ಬರ್ ಪೈಪೊಂದು ಕಳಚಿಯೋ ಬಿರುಕುಬಿಟ್ಟೋ ಎಲ್ಲೋ ಏರ್ ಎಳೆಯುತ್ತಿರುವ ಸಾಧ್ಯತೆಯೇ ಹೆಚ್ಚು. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಮುಚ್ಚಿದ್ದಾಗ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ. ಆಗ ಒಂದು ಸಣ್ಣ ಪೈಪ್ ಬಾಯಿ ತೆರೆದಿದ್ದರೂ ಪೆಟ್ರೋಲ್ ಮಿಶ್ರಣ ತೆಳುವಾಗಿ ಮಿಸ್ಸಿಂಗ್ ಶುರುವಾಗುತ್ತದೆ. ಥ್ರಾಟಲ್ ತೆರೆದಾಗ ಅಷ್ಟು ಹೆಚ್ಚುವರಿ ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಹುಡುಕಲು ನಾವು ಬಳಸುವ ದಾರಿಗಳಲ್ಲಿ ಯಾವುದೂ ಎಲ್ಲವನ್ನೂ ಹಿಡಿಯುವುದಿಲ್ಲ.

ಖರ್ಚಿಲ್ಲದ್ದು ಕಿವಿ. ಮೂರು ಅಡಿ ಉದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆ) ಸುತ್ತ ನಿಧಾನವಾಗಿ ಆಡಿಸಬೇಕು. ಪೂರ್ತಿ ಕಳಚಿದ ಪೈಪ್ 'ಸ್ಸ್' ಎಂದು ಕೂಗಿ ತಾನೇ ಜಾಗ ಹೇಳುತ್ತದೆ. ಕೂದಲೆಳೆ ಬಿರುಕು ಮಾತ್ರ ಟ್ಯಾಪೆಟ್ ಸದ್ದಿನಲ್ಲಿ ಕೇಳುವುದಿಲ್ಲ. ರೇಡಿಯೇಟರ್ ಫ್ಯಾನ್ ಎಲೆಕ್ಟ್ರಿಕ್, ಯಾವಾಗ ಬೇಕಾದರೂ ತಿರುಗೀತು. ಪೈಪನ್ನೂ ಕೈಯನ್ನೂ ಅದರಿಂದ, ಬೆಲ್ಟಿನಿಂದ ದೂರವಿಡಿ.

ಪೈಪ್ ಹಿಚುಕಿ ನೋಡುವುದು ನಮ್ಮ ಮೊದಲ ಆಯ್ಕೆ. ನೋಸ್ ಪ್ಲೈಯರ್ ಬಾಯಿಗೆ ಬಟ್ಟೆ ಸುತ್ತಿ, ಮ್ಯಾನಿಫೋಲ್ಡ್‌ನಿಂದ ಹೊರಡುವ ಒಂದೊಂದೇ ಪೈಪನ್ನು ಬುಡದಲ್ಲಿ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಐಡ್ಲಿಂಗ್ ಸುಧಾರಿಸುತ್ತದೋ ತೊಂದರೆ ಆ ಪೈಪಿನಲ್ಲಿ ಅಥವಾ ಅದರ ಆಚೆ ತುದಿಯಲ್ಲಿದೆ. ಪಿಸಿವಿ ಪೈಪ್ (ಎಂಜಿನ್ ಒಳಗಿನ ಆಯಿಲ್ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಒಯ್ಯುವ ಪೈಪ್) ಒತ್ತಿದಾಗ ಆರ್‌ಪಿಎಂ ಸ್ವಲ್ಪ ಬದಲಾಗುವುದು ಸಹಜ, ಅದನ್ನು ಲೀಕ್ ಎಂದುಕೊಳ್ಳಬೇಡಿ. ಈ ದಾರಿಯ ದೊಡ್ಡ ಲಾಭ ಬ್ರೇಕ್ ಬೂಸ್ಟರ್‌ನ (ವ್ಯಾಕ್ಯೂಮ್ ಬಳಸಿ ಬ್ರೇಕ್ ಪೆಡಲ್ ಹಗುರ ಮಾಡುವ ಡಬ್ಬಿ) ದಪ್ಪ ಪೈಪಿನಲ್ಲಿ ಕಾಣುತ್ತದೆ: ಬೂಸ್ಟರ್ ಒಳಗಿನ ಡಯಾಫ್ರಾಮ್ (ರಬ್ಬರ್ ಪೊರೆ) ಹರಿದಿದ್ದರೆ ಎಷ್ಟು ಸ್ಪ್ರೇ ಹೊಡೆದರೂ ಸಿಗದು, ಒತ್ತಿ ಹಿಡಿದರೆ ತಕ್ಷಣ ಗೊತ್ತಾಗುತ್ತದೆ. ಖಚಿತಪಡಿಸಿಕೊಳ್ಳಲು ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ತಲುಪುತ್ತಿಲ್ಲ ಅಥವಾ ಬೂಸ್ಟರೇ ಕೆಟ್ಟಿದೆ. ಆ ಗಾಡಿಯನ್ನು ರಸ್ತೆಗಿಳಿಸಬೇಡಿ. ಹಿಚುಕುವುದರ ಅಪಾಯ ಒಂದೇ: ಒಣಗಿ ಗಟ್ಟಿಯಾದ ಪೈಪ್ ಒತ್ತಿದಲ್ಲೇ ಸೀಳುತ್ತದೆ. ಅಂಥದ್ದು ಹೇಗೂ ಬದಲಾಯಿಸಬೇಕಾದದ್ದೇ.

ಗ್ಯಾರೇಜಿನಲ್ಲಿ ಹೆಚ್ಚು ನಡೆಯುವುದು ಕಾರ್ಬ್ ಕ್ಲೀನರ್ ಸ್ಪ್ರೇ. ಲೀಕ್ ಇದ್ದಲ್ಲಿ ಬಿದ್ದರೆ ಎಂಜಿನ್ ಅದನ್ನು ಇಂಧನದಂತೆ ಎಳೆದುಕೊಂಡು ಆರ್‌ಪಿಎಂ ಬದಲಾಗುತ್ತದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕಾರ್ಬುರೇಟರ್ ಬುಡದ ಪ್ಯಾಕಿಂಗ್‌ಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆವಿ ಅಕ್ಕಪಕ್ಕ ಹರಡಿ ಏರ್ ಫಿಲ್ಟರ್ ಮೂಲಕವೂ ಒಳಹೋಗುತ್ತದೆ, ಜಾಗ ತಪ್ಪಾಗಿ ತೋರುತ್ತದೆ. ಅದಕ್ಕಿಂತ ಗಂಭೀರವಾದದ್ದು ಬೆಂಕಿ. ಬಿಸಿ ಎಕ್ಸಾಸ್ಟ್, ಕಿಡಿ ಸೋರುವ ಹಳೇ ಪ್ಲಗ್ ವಯರ್, ಅದರ ಪಕ್ಕದಲ್ಲಿ ಉರಿಯುವ ದ್ರವ! ಹೊಡೆಯಲೇಬೇಕಾದರೆ ಎಂಜಿನ್ ತಣ್ಣಗಿರುವಾಗ, ಸಣ್ಣ ನಳಿಕೆಯಲ್ಲಿ, ಅರ್ಧ ಸೆಕೆಂಡಿನಷ್ಟೇ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬೇಡವೇ ಬೇಡ, ಬಿಸಿಗೆ ಅದರಿಂದ ವಿಷಾನಿಲ ಹುಟ್ಟುತ್ತದೆ. ಗ್ಯಾಸ್ ಸಿಲಿಂಡರಿನ ಪೈಪ್ ಹಿಡಿದು ಹುಡುಕುವ ಪದ್ಧತಿಯನ್ನೂ ನಾವು ಒಪ್ಪುವುದಿಲ್ಲ.

ಸ್ಪ್ರೇ ಬಾಟಲಿಯ ಸೋಪು ನೀರು ಇದಕ್ಕೆ ಒಳ್ಳೆಯ ಬದಲಿ. ಟ್ಯೂಬ್ ಪಂಕ್ಚರ್‌ನಂತೆ ಗುಳ್ಳೆ ಏಳುವುದಿಲ್ಲ, ಏಕೆಂದರೆ ಇಲ್ಲಿ ಗಾಳಿ ಒಳಗೆ ಹೋಗುತ್ತದೆ. ನೀರು ಬಿರುಕನ್ನು ಕ್ಷಣಕಾಲ ಮುಚ್ಚಿ ಸದ್ದು ಬದಲಾಗುತ್ತದೆ, ಐಡ್ಲಿಂಗ್ ಸಮವಾಗುತ್ತದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ಬೀಳದಿರಲಿ.

ವ್ಯಾಕ್ಯೂಮ್ ಗೇಜ್ ಜಾಗ ತೋರಿಸುವುದಿಲ್ಲ, ಲೀಕ್ ಇರಬಹುದೇ ಎಂಬುದನ್ನಷ್ಟೇ ಹೇಳುತ್ತದೆ. ಸಮುದ್ರಮಟ್ಟದಲ್ಲಿ ಐಡ್ಲಿಂಗ್‌ಗೆ 17ರಿಂದ 21 ಇಂಚು ಪಾದರಸ ಸರಿ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಇಳಿಯುತ್ತದೆ. ಹಾಗಾಗಿ ಮಂಗಳೂರಿನಲ್ಲಿ 18 ತೋರಿದ ಗಾಡಿ 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 15 ತೋರಿದರೆ ಗಾಬರಿ ಬೇಡ. ಮುಳ್ಳು ಅಲುಗದೆ ಇದಕ್ಕೂ ಬಹಳ ಕೆಳಗೆ ನಿಂತಿದ್ದರೆ ಲೀಕ್ ಅಥವಾ ತಡವಾದ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ). ಮುಳ್ಳು ಒಂದೇ ಲಯದಲ್ಲಿ ಬಡಿದುಕೊಂಡರೆ ವಾಲ್ವ್ ಕಡೆ ನೋಡಿ.

ಹೊಗೆ ಪರೀಕ್ಷೆ ಎಂಜಿನ್ ಆಫ್ ಇಟ್ಟು ಮಾಡುವಂಥದ್ದು. ಇನ್‌ಟೇಕ್ ಬಾಯಿ ಮುಚ್ಚಿ, 1 ಪಿಎಸ್‌ಐ ಮೀರದ ಒತ್ತಡದಲ್ಲಿ ಹೊಗೆ ತುಂಬಬೇಕು. ಹೆಚ್ಚಾದರೆ ಸೀಲುಗಳು ಹಾಳು. 2000ದ ನಂತರದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಗಳಲ್ಲಿ ಮ್ಯಾನಿಫೋಲ್ಡ್ ಕೆಳಗೆ ಅಡಗಿದ ಬಿರುಕಿಗೆ ಇದಕ್ಕಿಂತ ನಿಖರವಾದದ್ದಿಲ್ಲ. ಕಾರ್ಬುರೇಟರ್ ಗಾಡಿಯಲ್ಲಿ ಮಾತ್ರ ಅದರ ನೂರೆಂಟು ಸಹಜ ರಂಧ್ರಗಳಿಂದಲೂ ಹೊಗೆ ಬರುವುದರಿಂದ ದುಡ್ಡಿಗೆ ತಕ್ಕ ಫಲವಿಲ್ಲ.

ಇಷ್ಟೆಲ್ಲ ದಾರಿಗಳೂ ಕೈಬಿಡುವ ಪೈಪ್ ಒಂದಿದೆ. ಬಹಳಷ್ಟು ಕಾರ್ಬುರೇಟರ್ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್‌ಗೆ (ಕಿಡಿಯ ಟೈಮಿಂಗ್ ಮುಂದಕ್ಕೆ ಸರಿಸುವ ಭಾಗ) ಹೋಗುವ ಪೈಪಿನ ನಿಪ್ಪಲ್ (ಪೈಪ್ ಸಿಕ್ಕಿಸುವ ಮೂತಿ) ಥ್ರಾಟಲ್ ಪ್ಲೇಟಿನ ಮೇಲ್ಗಡೆ ತೆರೆಯುತ್ತದೆ. ಐಡ್ಲಿಂಗ್‌ನಲ್ಲಿ ಅಲ್ಲಿ ಎಳೆತವೇ ಇರುವುದಿಲ್ಲ. ಅದು ಕಳಚಿದರೂ ಐಡ್ಲಿಂಗ್ ಚೆನ್ನಾಗಿರುತ್ತದೆ, ಸದ್ದಿಲ್ಲ, ಸ್ಪ್ರೇಗೆ ಪ್ರತಿಕ್ರಿಯೆಯಿಲ್ಲ. ಮೈಲೇಜ್ ಇಳಿದು ಓಟದಲ್ಲಿ ಚುರುಕು ಹೋಗುತ್ತದೆ. ಇದಕ್ಕೆ ಕಿಡಿಯ ಸಮಯ ತೋರಿಸುವ ಟೈಮಿಂಗ್ ಲೈಟೇ ಬೇಕು. ಆ ಪೈಪಿನ ಕಾರ್ಬುರೇಟರ್ ಕಡೆಯ ತುದಿಗೆ ವ್ಯಾಕ್ಯೂಮ್ ಕೈಪಂಪ್ ಹಾಕಿ ಎಳೆಯಿರಿ. ಟೈಮಿಂಗ್ ಮುಂದಕ್ಕೆ ಸರಿದು ಅಲ್ಲೇ ನಿಂತರೆ ಆ ಪೈಪೂ ಡಯಾಫ್ರಾಮೂ ಸರಿ.

ಕಳಚಿದ ಪೈಪ್ ಯಾವ ನಿಪ್ಪಲ್‌ಗೆ ಸೇರಬೇಕು ಎಂದು ಗೊತ್ತಾಗದಿದ್ದರೆ ಬಾನೆಟ್ ಒಳಗಿನ ಸ್ಟಿಕರ್ ನೋಡಿ. ಸ್ಟಿಕರ್ ಹರಿದಿದ್ದರೆ ಐಡ್ಲಿಂಗ್‌ನಲ್ಲಿ ನಿಪ್ಪಲ್ ಮೇಲೆ ಬೆರಳಿಡಿ: ಎಳೆದರೆ ಅದು ಮ್ಯಾನಿಫೋಲ್ಡ್ ವ್ಯಾಕ್ಯೂಮ್. ಎಂಪಿಎಫ್‌ಐನಲ್ಲಿ ಎಂಎಪಿ ಸೆನ್ಸರ್‌ಗೆ (ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಸೆನ್ಸರ್) ಪೈಪ್ ಇದ್ದು ಅದು ಕಳಚಿದರೆ ಲಕ್ಷಣ ತಿರುಗುಮುರುಗು. ಎಂಜಿನ್ ಮೇಲೆ ಪೂರ್ತಿ ಲೋಡ್ ಇದೆ ಎಂದುಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಸುರಿಯುತ್ತದೆ, ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ.

ಸಡಿಲವಾದ ಪೈಪ್ ತುದಿಯನ್ನು 10 ಮಿ.ಮೀ. ಕತ್ತರಿಸಿ ಮತ್ತೆ ಸಿಕ್ಕಿಸುವುದು ತಾತ್ಕಾಲಿಕ ಉಪಾಯ ಅಷ್ಟೇ. ಹೊಸದು ಹಾಕುವಾಗ ಬಣ್ಣದ ಸಿಲಿಕೋನ್ ಪೈಪನ್ನು ಪಿಸಿವಿಗಾಗಲಿ ಪೆಟ್ರೋಲ್ ಆವಿಯ ಲೈನಿಗಾಗಲಿ ಹಾಕಬೇಡಿ, ಆಯಿಲ್ ತಾಗಿ ಊದಿಕೊಂಡು ಮತ್ತೆ ಕಳಚುತ್ತದೆ. ಲೀಕ್ ಮರೆಸಲು ಹಿಂದೆ ಯಾರಾದರೂ ಐಡಲ್ ಸ್ಕ್ರೂ ಬಿಗಿಮಾಡಿದ್ದರೆ, ಪೈಪ್ ಸರಿಹೋದ ಮೇಲೆ ಆರ್‌ಪಿಎಂ ಏರಿಯೇ ನಿಲ್ಲುತ್ತದೆ. ಎಂಜಿನ್ ಬಿಸಿಯಾದ ಮೇಲೆ, ಎಸಿ ಆಫ್ ಇಟ್ಟು, ಆ ಸ್ಕ್ರೂ ಮತ್ತೆ ಹೊಂದಿಸಿ.