ಗ್ಯಾಲಿಯಂ-68 ಡೋಟಾಟೇಟ್ ಪೆಟ್-ಸಿಟಿ ಸ್ಕ್ಯಾನ್: ಒಂದು ವಿಮರ್ಶೆ

ಅಕ್ಕನ ಮೇದೋಜೀರಕ ಗ್ರಂಥಿಯಲ್ಲಿರುವುದು ನ್ಯೂರೋಎಂಡೋಕ್ರೈನ್ (ಹಾರ್ಮೋನ್ ಸ್ರವಿಸುವ ಜೀವಕೋಶಗಳಿಂದ ಹುಟ್ಟುವ) ಗೆಡ್ಡೆಯೆಂದು ಬಯಾಪ್ಸಿಯಲ್ಲಿ ಖಚಿತವಾದ ಮೇಲೆ, ಅದು ಬೇರೆಡೆ ಹರಡಿದೆಯೇ ಎಂದು ತಿಳಿಯಲು ವೈದ್ಯರು ಈ ಸ್ಕ್ಯಾನ್ ಬರೆದುಕೊಟ್ಟರು. ಜೊತೆಯಲ್ಲಿದ್ದು ಕಂಡದ್ದನ್ನೂ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಇಂತಹ ಗೆಡ್ಡೆಗಳಲ್ಲಿ ಹೆಚ್ಚಿನವುಗಳ ಜೀವಕೋಶಗಳ ಮೇಲೆ ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ದಟ್ಟವಾಗಿರುತ್ತವೆ. ಆ ಹಾರ್ಮೋನನ್ನು ಹೋಲುವ ಡೋಟಾಟೇಟ್ ಹೋಗಿ ಅವುಗಳಿಗೆ ಅಂಟಿಕೊಳ್ಳುತ್ತದೆ, ಅದು ಹೊತ್ತೊಯ್ದ ವಿಕಿರಣಶೀಲ ಗ್ಯಾಲಿಯಂನ ವಿಕಿರಣವನ್ನು ಯಂತ್ರ ಗುರುತಿಸುತ್ತದೆ. ಹಿಂದೆ ಇಂಡಿಯಂ-111 ಎಂಬ ಬೇರೊಂದು ವಿಕಿರಣಶೀಲ ಧಾತು ಬಳಸುವ ಆಕ್ಟ್ರಿಯೋಟೈಡ್ ಸ್ಕ್ಯಾನಿಗೆ ಚುಚ್ಚುಮದ್ದಿನ ಮರುದಿನವೂ ಹೋಗಬೇಕಿತ್ತು, ಚಿತ್ರವೂ ಮಸುಕಾಗಿರುತ್ತಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಅನುಮೋದಿಸಿದ ಈ ಹೊಸ ವಿಧಾನದಲ್ಲಿ ಚುಚ್ಚುಮದ್ದು ಕೊಟ್ಟು ಸುಮಾರು ಒಂದು ಗಂಟೆ ಕಾಯಿಸಿ, ಅರ್ಧ ಗಂಟೆಯೊಳಗೆ ಚಿತ್ರ ತೆಗೆದು ಮುಗಿಸಿದರು. ಗ್ಯಾಲಿಯಂ-68ರ ಅರ್ಧಾಯುಷ್ಯವೂ (ಅದರ ಅರ್ಧಭಾಗ ಕ್ಷಯಿಸಲು ಹಿಡಿಯುವ ಕಾಲ) ಕಾಕತಾಳೀಯವೆಂಬಂತೆ 68 ನಿಮಿಷವೇ. ಔಷಧವನ್ನು ಕೂಡಿಟ್ಟುಕೊಳ್ಳಲು ಬಾರದ ಕಾರಣ, ಕೊಟ್ಟ ಸಮಯಕ್ಕೆ ತಪ್ಪದೆ ಹೋಗಬೇಕು.

ನಮಗೆ ತೊಂದರೆಯಾದದ್ದು ಸ್ಕ್ಯಾನಿನಲ್ಲಲ್ಲ, ಅದಕ್ಕೂ ಮೊದಲಿನ ಕ್ರೋಮೋಗ್ರಾನಿನ್ ಎ ರಕ್ತಪರೀಕ್ಷೆಯಲ್ಲಿ. ಇಂತಹ ಗೆಡ್ಡೆಗಳು ರಕ್ತಕ್ಕೆ ಬಿಡುವ ಆ ಪ್ರೋಟೀನಿನ ಪ್ರಮಾಣ ಹೆಚ್ಚಾಗಿ ಬಂದಿತ್ತು. ಪ್ಯಾಂಟೊಪ್ರಜೋಲಿನಂತಹ ಆಮ್ಲ ತಗ್ಗಿಸುವ ಮಾತ್ರೆಗಳಿಂದಲೂ ಆ ಅಂಶ ಏರುತ್ತದೆ, ಆದರೆ ಅಕ್ಕ ಅದನ್ನು ದಿನವೂ ನುಂಗುತ್ತಿದ್ದಾಳೆಯೇ ಎಂದು ಪ್ರಯೋಗಾಲಯದಲ್ಲಿ ಯಾರೂ ಕೇಳಲಿಲ್ಲ. ವೈದ್ಯರ ಸಲಹೆಯಂತೆ ಎರಡು ವಾರ ಮಾತ್ರೆ ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ಅದು ಸಾಕಷ್ಟು ಇಳಿದಿತ್ತು. ಆ ಎರಡು ವಾರ ನಾವು ಪಟ್ಟ ಭಯಕ್ಕೆ ಕಾರಣವೇ ಇರಲಿಲ್ಲ.

ಸ್ಕ್ಯಾನಿನ ಮಿತಿಗಳನ್ನೂ ಹೇಳಬೇಕು. ಇನ್ಸುಲಿನ್ ಸ್ರವಿಸುವ ಗೆಡ್ಡೆಗಳಾದ ಇನ್ಸುಲಿನೋಮಾಗಳಲ್ಲಿ ಅನೇಕವು ಇದರಲ್ಲಿ ಕಾಣಿಸುವುದಿಲ್ಲ, ಏಕೆಂದರೆ ಅವುಗಳಲ್ಲಿ ಈ ಗ್ರಾಹಕಗಳು ಕಡಿಮೆ. ಅಲ್ಲಿ ಬೇರೊಂದು ಗ್ರಾಹಕಕ್ಕೆ ಅಂಟಿಕೊಳ್ಳುವ ಎಕ್ಸೆಂಡಿನ್ ಆಧಾರಿತ ಸ್ಕ್ಯಾನ್ ಹೆಚ್ಚು ಉಪಯುಕ್ತ. ವೇಗವಾಗಿ ಬೆಳೆಯುವ ಗೆಡ್ಡೆಗಳಿಗೆ, ಜೀವಕೋಶಗಳು ಸಕ್ಕರೆ ಹೀರಿಕೊಳ್ಳುವುದನ್ನು ತೋರಿಸುವ ಎಫ್‌ಡಿಜಿ ಪೆಟ್ ಬೇಕಾಗಬಹುದು. ಗೆಡ್ಡೆಯ ದರ್ಜೆಯನ್ನು ತಿಳಿಸುವ ಕೆಐ-67 ಪ್ರಮಾಣ ಅಂಗಾಂಶದಿಂದ ಮಾತ್ರ ಸಿಗುವುದರಿಂದ ಬಯಾಪ್ಸಿಗೆ ಇದು ಬದಲಿಯಲ್ಲ. ಮೇದೋಜೀರಕದ ತಲೆಭಾಗದ ಒಂದು ಮೂಲೆ ಆರೋಗ್ಯವಂತರಲ್ಲೂ ಹೊಳೆಯುವುದುಂಟು, ಗ್ರಂಥಿಯೊಳಗೆ ಸೇರಿಕೊಂಡಿರುವ ಗುಲ್ಮದ ತುಣುಕು ಗೆಡ್ಡೆಯಂತೆಯೇ ತೋರುವುದೂ ಉಂಟು. ಆದ್ದರಿಂದ ಯಂತ್ರಕ್ಕಿಂತಲೂ ಚಿತ್ರವನ್ನು ಓದುವವರ ಅನುಭವವನ್ನೇ ಮೊದಲು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ವರದಿ ಆ ಮೂಲೆಯ ಹೊಳಪನ್ನು ಸಹಜವೆಂದು ಪ್ರತ್ಯೇಕವಾಗಿ ನಮೂದಿಸಿತ್ತು. ಸಿಟಿಯಲ್ಲಿ ಕಾಣದಿದ್ದ ಒಂದು ಸಣ್ಣ ಚುಕ್ಕೆಯನ್ನು ಯಕೃತ್ತಿನಲ್ಲಿ ತೋರಿಸಿತು. ಶಸ್ತ್ರಚಿಕಿತ್ಸಕರು ತಮ್ಮ ಯೋಜನೆಯನ್ನು ಅಂದೇ ಬದಲಿಸಿದರು.